ಕಿವಿಬೆಟ್ಟದ ತಾತನ ಊರಿನಲ್ಲಿ

ಮಕ್ಕಳೇ, ಭೂಪಟ ತೆಗೆದು ಯುರೋಪಿನ ಉತ್ತರದಲ್ಲಿ ಫಿನ್ಲೆಂಡ್ ದೇಶವನ್ನು ಹುಡುಕಿ. ರಾಜಧಾನಿ ಹೆಲ್ಸಿಂಕಿ ದಕ್ಷಿಣದ ಸಮುದ್ರ ತೀರದಲ್ಲಿದೆ. ಅಲ್ಲಿಂದ ಬೆರಳನ್ನು ಮೇಲಕ್ಕೆ ಸರಿಸಿ. ಸುಮಾರು 800 ಕಿಲೋಮೀಟರ್ ದಾಟಿದರೆ ರೊವಾನಿಯೆಮಿ ಎಂಬ ಊರು. ಕ್ರಿಸ್‌ಮಸ್ ತಾತ ಸಾಂತಾ ಕ್ಲಾಸ್‌ನನ್ನು ನೋಡಲು ದೇಶದೇಶಗಳ ಮಕ್ಕಳು ಬರುವುದು ಇಲ್ಲಿಗೆ.

ನನ್ನ ಮಗ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿದ್ದೆವು. ಹಬ್ಬ ಕಳೆದ ಎರಡನೇ ದಿನ, ಎಂಟು ವರ್ಷದ ಮೊಮ್ಮಗಳು ಮತ್ತು ನಾಲ್ಕು ವರ್ಷದ ಮೊಮ್ಮಗನೊಂದಿಗೆ ಎಲ್ಲರೂ ರಾತ್ರಿ ರೈಲು ಹತ್ತಿದೆವು. ಬೆಳಿಗ್ಗೆ ಇಳಿದಾಗಲೂ ಕತ್ತಲೆಯೇ! ಆ ದಿನಗಳಲ್ಲಿ ಅಲ್ಲಿ ಸೂರ್ಯ ಎರಡು ಮೂರು ಗಂಟೆ ಮುಖ ತೋರಿಸಿ ಮುಳುಗಿಬಿಡುತ್ತಾನೆ. ಎಲ್ಲೆಲ್ಲೂ ಹಿಮ. ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದ ನಮ್ಮನ್ನು ನೋಡಿ ಮೊಮ್ಮಗ, "ತಾತ, ನೀವು ಉರುಳ್ತೀರ" ಎಂದು ನಕ್ಕ.

ಈ ಊರು ಕಂಡ ಕಷ್ಟ ಸಣ್ಣದಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಊರಿನ ಬಹುಪಾಲು ಮನೆಗಳನ್ನು ಸುಟ್ಟುಹಾಕಿತು. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಹಿಮಸಾರಂಗದ ಕೊಂಬಿನ ಆಕಾರದಲ್ಲಿ ಹೊಸ ಊರಿನ ನಕ್ಷೆ ಬರೆದರು. ಊರು ಮತ್ತೆ ಎದ್ದುನಿಲ್ಲುವುದನ್ನು ನೋಡಲು 1950ರಲ್ಲಿ ಅಮೆರಿಕದ ಎಲೀನರ್ ರೂಸ್‌ವೆಲ್ಟ್ ಬಂದರು. ಅವರಿಗಾಗಿ ಅವಸರದಲ್ಲಿ ಕಟ್ಟಿದ ಮರದ ಮನೆ ಇಂದಿಗೂ ಅಲ್ಲಿದೆ. ಅದರ ಸುತ್ತ 1985ರಲ್ಲಿ ಸಾಂತಾ ಕ್ಲಾಸ್ ಹಳ್ಳಿ ಶುರುವಾಯಿತು. ಊರಿನಿಂದ ಎಂಟು ಕಿಲೋಮೀಟರ್, ಉತ್ತರ ಧ್ರುವವೃತ್ತದ ಮೇಲೆ. ಆ ಗೆರೆಯನ್ನು ಅಲ್ಲಿ ಗುರುತು ಮಾಡಿದ್ದಾರೆ. ಮಕ್ಕಳು ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಕುಣಿದರು.

ಫಿನ್ಲೆಂಡಿನವರ ಕಥೆಯಲ್ಲಿ ಸಾಂತಾನ ಮನೆ ಇನ್ನೂ ಉತ್ತರಕ್ಕೆ, ಕೊರ್ವಾತುಂತುರಿ ಎಂಬ ಬೆಟ್ಟದಲ್ಲಿ. ಹಾಗೆಂದರೆ ಕಿವಿಬೆಟ್ಟ. 1927ರಲ್ಲಿ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಕುಸ್ ರೌಟಿಯೊ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿದರು. ಬೆಟ್ಟ ಕಿವಿಯ ಆಕಾರದಲ್ಲಿದೆಯಂತೆ, ಅದಕ್ಕೇ ಸಾಂತಾನಿಗೆ ಎಲ್ಲ ಮಕ್ಕಳ ಮಾತೂ ಕೇಳಿಸುತ್ತದಂತೆ.

ಸಾಂತಾನ ಕಚೇರಿಯ ಮುಂದೆ ಉದ್ದನೆಯ ಸಾಲು. ಭೇಟಿಗೆ ದುಡ್ಡಿಲ್ಲ, ಫೋಟೋ ಬೇಕಾದರೆ ಕೊಳ್ಳಬೇಕು. ಸಾಲಿನಲ್ಲಿ ಮೊಮ್ಮಗಳು ನನ್ನ ಕಿವಿಯಲ್ಲಿ, "ತಾತ, ಇವರು ನಿಜವಾದ ಸಾಂತಾನಾ, ವೇಷಾನಾ?" ಎಂದಳು.

"ನೋಡಿ ಬಂದು ನೀನೇ ಹೇಳು" ಎಂದೆ.

ಒಳಗೆ ಬಿಳಿಗಡ್ಡದ ದೊಡ್ಡ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ಮೊಮ್ಮಗ ಹೆದರಿ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡ. ಸಾಂತಾ ಅವನನ್ನು ಕರೆಯಲೂ ಇಲ್ಲ, ಎಳೆಯಲೂ ಇಲ್ಲ. ಮೊಮ್ಮಗಳ ಶಾಲೆ, ಸ್ನೇಹಿತರ ವಿಷಯ ನಿಧಾನವಾಗಿ ಕೇಳಿದ. ಹೊರಡುವಾಗ ಹುಡುಗ ತಾನಾಗಿಯೇ ಇಣುಕಿ ಕೈ ಬೀಸಿದ, ಸಾಂತಾನೂ ಬೀಸಿದ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಸಾಲು ಬಾಗಿಲಾಚೆ ಹೋದಾಗ ಎದುರಿಗಿರುವ ಒಬ್ಬರ ಮಾತನ್ನು ಪೂರ್ತಿ ಕೇಳುವುದು ಎಷ್ಟು ಕಷ್ಟವೆಂದು ಬಲ್ಲೆ.

ಹೊರಗೆ ಬಂದ ಮೊಮ್ಮಗಳು ತೀರ್ಪು ಕೊಟ್ಟಳು: "ನಿಜವಾದವರೇ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡ್ರು."

ಪಕ್ಕದಲ್ಲೇ ಸಾಂತಾನ ಅಂಚೆ ಕಚೇರಿ. ಅಲ್ಲಿಂದ ಹೋಗುವ ಪತ್ರಕ್ಕೆ ಧ್ರುವವೃತ್ತದ ವಿಶೇಷ ಮುದ್ರೆ ಬೀಳುತ್ತದೆ. ಎರಡು ಡಬ್ಬಗಳಿವೆ. ಒಂದರಲ್ಲಿ ಹಾಕಿದ ಪತ್ರ ಕೂಡಲೇ ಹೊರಡುತ್ತದೆ, ಇನ್ನೊಂದರಲ್ಲಿ ಹಾಕಿದ್ದು ಮುಂದಿನ ಕ್ರಿಸ್‌ಮಸ್‌ಗೆ ತಲುಪುತ್ತದೆ. ಎಪ್ಪತ್ತನಾಲ್ಕರ ನಾನು ಎರಡನೆಯದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಮೊಮ್ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾಲ್ಕು ಸಾಲು ಕನ್ನಡದಲ್ಲಿ ಬರೆದು, ವಿಳಾಸ ಮಾತ್ರ ಇಂಗ್ಲಿಷಿನಲ್ಲಿ ಹಾಕಿ, ಕಾರ್ಡನ್ನು ಆ ಡಬ್ಬಕ್ಕೆ ಬಿಟ್ಟೆ.

"ಏನು ಬರೆದ್ರಿ ತಾತ?"

"ಬಂದಾಗ ನೀನೇ ಓದು. ಅಪ್ಪ ಅಮ್ಮನ್ನ ಕೇಳೋ ಹಾಗಿಲ್ಲ."

ಅಂದಿನಿಂದ ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಅಕ್ಷರಾಭ್ಯಾಸ ನಡೆದಿದೆ. ಕಾಗುಣಿತ ಮುಗಿದಿದೆ, ಒತ್ತಕ್ಷರಕ್ಕೆ ಬಂದಿದ್ದೇವೆ. ಕಾರ್ಡಿನಲ್ಲಿ ಆರು ಒತ್ತಕ್ಷರಗಳಿವೆ. ಡಿಸೆಂಬರಿಗೆ ಇನ್ನೂ ಸಮಯವಿದೆ.