ಎರಡು ಸಿಮ್ಮಿನ ಊರು

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿನಲ್ಲಿ ಫೋನು ಕೊಳ್ಳಲು ಹೋದ ಹಳಬರು ಕ್ಯಾಮೆರಾ ಹೇಗಿದೆ ಅಂತ ಕೇಳುವ ಮೊದಲು ಎರಡು ಸಿಮ್ ಹಿಡಿಯುತ್ತಾ ಅಂತ ಕೇಳುತ್ತಾರೆ. ಅದಕ್ಕೊಂದು ಚರಿತ್ರೆಯಿದೆ. ಬೆಂಗಳೂರು ನಮಗೆ ನಲವತ್ತು ಕಿಲೋಮೀಟರು. ಬೆಳಗಿನ ಜಾವ ಹೂವು ಮಾರಲು ಹೋದವರು ಮಧ್ಯಾಹ್ನದ ಮುದ್ದೆಗೆ ಮನೆಗೆ ಬಂದುಬಿಡಬಹುದು. ಆದರೆ ಫೋನಿನ ಲೆಕ್ಕದಲ್ಲಿ ಅದು ಪರದೇಶವಾಗಿತ್ತು. ಅವರದು 080, ನಮ್ಮದು 04344. ಬೆಂಗಳೂರಿನ ಬೀಗರಿಗೆ ಮಗು ಹುಟ್ಟಿದ ಸುದ್ದಿ ತಿಳಿಸಲು ಎಸ್‌ಟಿಡಿ ಬೂತಿನಲ್ಲಿ ನಿಂತು, ಮೀಟರಿನ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ, ಗಂಡೋ ಹೆಣ್ಣೋ ಅನ್ನುವಷ್ಟು ಹೇಳಿ ಇಟ್ಟುಬಿಡುತ್ತಿದ್ದರು.

ಮೊಬೈಲು ಬಂದ ಮೇಲೂ ಗಡಿ ಅಳಿಯಲಿಲ್ಲ. ಅತ್ತಿಬೆಲೆ ದಾಟಿದರೆ ರೋಮಿಂಗ್. ಜೂಜುವಾಡಿಯ ಕಡೆ ಮನೆಯಿದ್ದವರಂತೂ ಹೊಸ್ತಿಲು ದಾಟುವುದೂ ಬೇಡ, ಹಜಾರದಲ್ಲಿ ಕೂತಿದ್ದಂತೆಯೇ ಫೋನು ಕರ್ನಾಟಕದ ಟವರು ಹಿಡಿದು ದುಡ್ಡು ಕತ್ತರಿಸಿಕೊಳ್ಳುತ್ತಿತ್ತು. ಹಾಗಾಗಿ ಕೆಲಸಕ್ಕೊಂದು ಕರ್ನಾಟಕದ ಸಿಮ್ಮು, ಮನೆಗೊಂದು ತಮಿಳುನಾಡಿನ ಸಿಮ್ಮು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ರೋಮಿಂಗ್ ಸುಂಕ ಕೈಬಿಟ್ಟವು. ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಇಂದಿಗೂ ನಮ್ಮಮ್ಮ ಹೊಸ ಫೋನು ಕಂಡರೆ ಬೆನ್ನು ತಿರುಗಿಸಿ ಎರಡನೆಯ ತೂತು ಹುಡುಕುತ್ತಾರೆ. ಐಫೋನಿನಲ್ಲಿ ಎರಡನೆಯದು ಇ-ಸಿಮ್, ಅದಕ್ಕೆ ತೂತೇ ಬೇಡ ಎಂದು ಅಂಗಡಿಯ ಹುಡುಗ ವಿವರಿಸಿದಾಗ, ಕಣ್ಣಿಗೆ ಕಾಣದ ಸಿಮ್ಮಿಗೆ ದುಡ್ಡು ಮಾತ್ರ ಕಾಣುವ ಹಾಗೆ ಕೊಡಬೇಕಾ ಅಂದರು.

ನಮ್ಮ ಮನೆಗೆ ಹೊಸ ಫೋನು ಬೇಕಾದದ್ದು ಆಸೆಯಿಂದಲ್ಲ. ಅಮ್ಮನ ಹಳೆಯದು ಇನ್ನೂ ಚೆನ್ನಾಗಿಯೇ ಇತ್ತು, ಗಾಜು ಸಹ ಒಡೆದಿರಲಿಲ್ಲ. ಒಂದು ದಿನ ಬ್ಯಾಂಕಿನ ಆ್ಯಪು, ನಿಮ್ಮ ಆಂಡ್ರಾಯ್ಡ್ ಹಳತಾಯಿತು, ಇನ್ನು ತೆರೆಯುವುದಿಲ್ಲ ಎಂದು ಕೂತುಬಿಟ್ಟಿತು. ಆಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ನನ್ನ ಉದ್ಧಾರಕ್ಕೆ ನಿಂತ. ಹನ್ನೊಂದು ಫೋನುಗಳ ಪಟ್ಟಿ, ಒಂದೊಂದಕ್ಕೂ ಇಪ್ಪತ್ತು ಕಾಲಮ್ಮು. ಪ್ರೊಸೆಸರು, ರ‍್ಯಾಮು, ಹರ್ಟ್ಸ್, ನಿಟ್ಸ್. ಹಸಿರು ಬಣ್ಣ ಬಳಿದದ್ದು ಒಳ್ಳೆಯದು, ಕೆಂಪು ಕೆಟ್ಟದ್ದು. ಓದಿ ಮುಗಿಸುವಷ್ಟರಲ್ಲಿ ಯಾವುದೂ ಬೇಡ ಅನ್ನುವ ವೈರಾಗ್ಯ ಬಂತು.

ಆ ಪಟ್ಟಿಯಿಂದ ಕಲಿತದ್ದೂ ಇದೆ. ಐವತ್ತು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ನಾಲ್ಕು ಚುಕ್ಕೆಗಳನ್ನು ಒಂದಾಗಿಸಿ ಹನ್ನೆರಡು ಚಿಲ್ಲರೆ ಮೆಗಾಪಿಕ್ಸೆಲ್ಲಿನ ಚಿತ್ರ ಕೊಡುತ್ತದೆ. ನೂರೆಂಟರದು ಒಂಬತ್ತೊಂಬತ್ತನ್ನು ಕೂಡಿಸಿ ಮತ್ತೆ ಹನ್ನೆರಡಕ್ಕೇ ಬಂದು ನಿಲ್ಲುತ್ತದೆ. ಆಪಲ್ ತನ್ನ ಐಫೋನಿನ ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಎಂಎಎಚ್ ಎಂದು ಅಧಿಕೃತ ವಿವರದಲ್ಲಿ ಹೇಳುವುದೇ ಇಲ್ಲ, ಆದರೂ ಮಾರಾಟವಾಗುತ್ತದೆ. ಅಂದರೆ ಅಂಕಿಗಳಿಂದಲೇ ಫೋನು ಓಡುತ್ತದೆ ಅನ್ನುವುದು ಅಂಕಿ ಮಾರುವವರ ಮಾತು.

ಇನ್ನು ಬ್ರಾಂಡು ಬ್ರಾಂಡಿನ ಜಗಳ. ತಳಿ ರಸ್ತೆಯಲ್ಲಿ ಸಾಲಾಗಿ ನೀಲಿ, ಹಸಿರು, ಹಳದಿ ಬೋರ್ಡುಗಳು, ಒಂದರ ಎದುರು ಒಂದು ತೊಡೆ ತಟ್ಟಿದ ಹಾಗೆ. ಒಳಗೆ ನೋಡಿದರೆ ಒಪ್ಪೊ, ವಿವೊ, ರಿಯಲ್‌ಮಿ, ಒನ್‌ಪ್ಲಸ್ ನಾಲ್ಕೂ ಚೀನಾದ ಬಿಬಿಕೆ ಮನೆತನದಿಂದ ಕವಲೊಡೆದವು. ರೆಡ್ಮಿ, ಪೊಕೊ ಶಿಯೋಮಿಯ ಮಕ್ಕಳು. ಚಿಪ್ಪು ಹೆಚ್ಚಾಗಿ ಕ್ವಾಲ್‌ಕಾಮ್‌ನದು ಇಲ್ಲವೇ ಮೀಡಿಯಾಟೆಕ್‌ನದು. ಕ್ಯಾಮೆರಾದ ಕಣ್ಣು ಬಹುಪಾಲು ಸೋನಿಯದು ಇಲ್ಲವೇ ಸ್ಯಾಮ್‌ಸಂಗ್‌ನದು. ಬದ್ಧವೈರಿ ಎನಿಸಿಕೊಂಡ ಐಫೋನಿಗೂ ಪರದೆ ಮಾಡಿಕೊಡುವವರಲ್ಲಿ ಸ್ಯಾಮ್‌ಸಂಗ್ ಒಬ್ಬ. ಕೃಷ್ಣಗಿರಿಯ ತೋತಾಪುರಿ ತಿರುಳು ಒಂದೇ ಕಾರ್ಖಾನೆಯಿಂದ ಹೊರಟು ಬೇರೆ ಬೇರೆ ಹೆಸರಿನ ಬಾಟಲಿ ಸೇರುವ ಹಾಗೆ ಇದೂ. ಈ ಜಗಳದಲ್ಲಿ ಪಕ್ಷ ವಹಿಸಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಐಫೋನಿನ ಮಾತು ಬಂದರೆ ಹೊಸೂರಿನವರಿಗೆ ಒಂದು ಬಗೆಯ ಬಿಂಕ. ಅದರ ಹೊರಕವಚ ತಯಾರಾಗುವುದು ನಮ್ಮಲ್ಲೇ, ಹೊಸೂರಿನ ಆಚೆಯ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು; ಸುತ್ತಲಿನ ಹಳ್ಳಿಗಳವರಷ್ಟೇ ಅಲ್ಲ, ದೂರದ ಜಾರ್ಖಂಡಿನಿಂದ ಬಂದವರೂ ಇದ್ದಾರೆ. 2024ರ ಸೆಪ್ಟೆಂಬರ್ 28ರಂದು ಅಲ್ಲಿ ಬೆಂಕಿ ಬಿದ್ದಾಗ ಹೊಸೂರಿನ ಹೆಸರು ಹೊರದೇಶದ ಪತ್ರಿಕೆಗಳಲ್ಲೂ ಬಂತು. ಹಾಗಂತ ನಮ್ಮೂರಿನವರಿಗೆ ಬೆಲೆಯಲ್ಲಿ ಒಂದು ರೂಪಾಯಿ ಕಡಿಮೆಯಿಲ್ಲ. ಇಲ್ಲೇ ಮಾಡ್ತಾರಲ್ಲ, ಫ್ಯಾಕ್ಟರಿ ರೇಟಿಗೆ ಸಿಕ್ಕಲ್ವಾ ಎಂದು ಕೇಳುವವರು ಈಗಲೂ ಇದ್ದಾರೆ. ನಾನೂ ಮನಸ್ಸಿನಲ್ಲಿ ಕೇಳಿಕೊಂಡದ್ದುಂಟು.

ಈ ಬಿಂಕ ನಮಗೆ ಹೊಸದೇನಲ್ಲ. ಟೈಟಾನ್ ಶುರುವಾದದ್ದು 1984ರಲ್ಲಿ, ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಕೂಡಿ. ಗಡಿಯಾರದ ಕಾರ್ಖಾನೆ ಬಂದದ್ದು ಹೊಸೂರಿಗೆ. ಅತ್ತ ಬೆಂಗಳೂರಿನ ಎಚ್‌ಎಂಟಿ 1960ರ ದಶಕದಿಂದ ಜಪಾನಿನ ಸಿಟಿಜನ್ ನೆರವಿನಲ್ಲಿ ಕೀಲಿ ಕೊಡುವ ಕೈಗಡಿಯಾರ ಮಾಡುತ್ತಿತ್ತು. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಮದುವೆ ಗಂಡಿಗೆ ಯಾವುದು ಅನ್ನುವುದು ದೊಡ್ಡ ಚರ್ಚೆ. ದಿನಾ ಕೀಲಿ ಕೊಡುವುದು ಶಿಸ್ತು ಎಂದು ಹಿರಿಯರು, ಟೈಟಾನಿನ ಕ್ವಾರ್ಟ್ಜ್ ತಪ್ಪುವುದಿಲ್ಲ ಎಂದು ಕಿರಿಯರು. ಹಿರಿಯರ ಪಕ್ಷದಲ್ಲಿ ಒಂದು ಬಲವಾದ ವಾದವಿತ್ತು: ಎಚ್‌ಎಂಟಿ ನಿಂತುಹೋದರೆ ಸಂತೆಯ ಗಡಿಯಾರದಂಗಡಿಯವನೇ ಬಿಚ್ಚಿ ಸರಿ ಮಾಡಿಕೊಡುತ್ತಿದ್ದ.

ಆ ವಾದ ಫೋನಿಗೂ ಸಲ್ಲುತ್ತದೆ, ಯಾವ ಪಟ್ಟಿಯಲ್ಲೂ ಮಾತ್ರ ಅದಕ್ಕೆ ಕಾಲಮ್ಮಿಲ್ಲ. ಕೆಲಮಂಗಲದಲ್ಲಿ ಗಾಜು ಒಡೆದರೆ ಡಿಸ್ಪ್ಲೇ ಎಲ್ಲಿ ಸಿಗುತ್ತದೆ? ಅಂಚೆಟ್ಟಿಯ ಕಾಡಂಚಿನಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿದಾಗ ಯಾವುದು ಕರೆ ಹಿಡಿದಿಟ್ಟುಕೊಳ್ಳುತ್ತದೆ? ಟ್ರ್ಯಾಕ್ಟರಿನ ಸದ್ದಿನ ನಡುವೆ ರಿಂಗು ಕೇಳುತ್ತದೆಯೇ?

ಕೊನೆಗೆ ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಹುಡುಗ ತಮಿಳಿನಲ್ಲಿ ಶುರು ಮಾಡಿ, ತೆಲುಗಿಗೆ ಹಾರಿ, ಅಮ್ಮ ಬಾಯಿ ಬಿಟ್ಟೊಡನೆ ಕನ್ನಡಕ್ಕೆ ಬಂದ. ನಮ್ಮೂರಿನ ಅಂಗಡಿಗಳಲ್ಲಿ ಇದು ವಿಶೇಷವೇನಲ್ಲ.

"ಅಮ್ಮಾ, ಇದು 5ಜಿ. ಗೇಮಿಂಗ್ಗೂ ಸೂಪರಾಗೈತೆ."

"ಗೇಮು ಆಮ್ಯಾಕೆ ಆಡಾನ ಕಣಪ್ಪ. ಸಾವ್ರ ರೂಪಾಯಿ ಬಂದ್ರೆ ನಂಗೆ ಕಾಣ್ತದಾ?"

ಸಾವಿರ ಅಂದರೆ ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರ್ 15ರಿಂದ ಅರ್ಹ ಗೃಹಿಣಿಯರ ಖಾತೆಗೆ ತಿಂಗಳಿಗೊಮ್ಮೆ ಹಾಕುವ ಉರಿಮೈ ತೊಗೈ. ಅದು ಬಂದಾಗ ಬ್ಯಾಂಕು ಕಳಿಸುವ ಸಂದೇಶವನ್ನು ಅಮ್ಮ ಓದುವುದಿಲ್ಲ, ಅಂಕಿ ಹುಡುಕುತ್ತಾರೆ. ಹುಡುಗ ಜಾಣ. ಅಕ್ಷರ ದಪ್ಪ ಮಾಡಿ, ಪರದೆಯ ಭಾಷೆ ಕನ್ನಡಕ್ಕೆ ತಿರುಗಿಸಿ, ಮೂರು ಫೋನು ಪಕ್ಕಪಕ್ಕ ಇಟ್ಟ. ಒಂದರಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿ ಸೊಟ್ಟಗಾಗಿತ್ತು. ಇನ್ನೊಂದರಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಮೂರನೆಯದು ನೆಟ್ಟಗೆ ಓದಿಸಿಕೊಂಡಿತು. ಆಮೇಲೆ ಮಾತು ಕೇಳಿ ಬರೆಯುವ ಪರೀಕ್ಷೆ. ಅಮ್ಮ "ತಕ್ಕಾಳಿ ರೇಟು ಏನು" ಅಂದರು. ತಕ್ಕಾಳಿ ಅಂದರೆ ನಮ್ಮ ಕಡೆ ಟೊಮೇಟೊ. ಕನ್ನಡಕ್ಕೆ ಹೊಂದಿಸಿದ್ದ ಫೋನು "ತಕ್ಕ ಅಳಿಯ" ಎಂದೇನೋ ಬರೆದುಕೊಂಡಿತು. ಆ ವಿಷಯದಲ್ಲಿ ಮೂರೂ ಫೇಲು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ನೋಡುವ ಹಾಗಿದ್ದರೆ ಈ ಅಂಕಿಯನ್ನೇ ನೋಡಬೇಕು, ಡಬ್ಬಿಯ ಮೇಲೆ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದನ್ನು ನಾನು ಕಂಡಿಲ್ಲ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಮರುವರ್ಷ ಸ್ಯಾಮ್‌ಸಂಗ್ ಎಸ್24ಕ್ಕೆ 7 ವರ್ಷದ ಮಾತು ಕೊಟ್ಟವು. ಅವು ದುಬಾರಿ. ಆದರೆ 2024ರ ಕೊನೆಗೆ ಬಂದ ಸ್ಯಾಮ್‌ಸಂಗ್‌ನ ಎ16ರಂಥ ಅಗ್ಗದ ಫೋನಿಗೂ 6 ವರ್ಷದ ಭರವಸೆಯಿದೆ. ಅದೇ ಬೆಲೆಯಲ್ಲಿ ಎರಡು ಮೂರು ವರ್ಷಕ್ಕೆ ಕೈತೊಳೆದುಕೊಳ್ಳುವವರೂ ಇದ್ದಾರೆ. ಬ್ಯಾಂಕಿನ ಆ್ಯಪು ಮುನಿಸಿಕೊಳ್ಳುವುದು ಅಂಥ ಫೋನಿನ ಮೇಲೆಯೇ.

ಅಂಕಿಯ ಮಾತು ಬಂದದ್ದಕ್ಕೆ ಇನ್ನೊಂದು: ನೀರು ಬಿದ್ದರೂ ಏನೂ ಆಗಲ್ಲ ಅನ್ನುವ ಐಪಿ68ರ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ನೀರಿನಿಂದ ಕೆಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ.

ಅಮ್ಮ ಮೂರನೆಯದನ್ನೇ ತೆಗೆದುಕೊಂಡರು. ಚಿಕ್ಕಪ್ಪನ ಮಗನ ಪಟ್ಟಿಯಲ್ಲಿ ಅದು ಒಂಬತ್ತನೆಯದು, ಆರು ಕಡೆ ಕೆಂಪು ಬಣ್ಣ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಫೋನು ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ: ಮೇಜಿನ ಮೇಲೆ ಸಾಲಾಗಿಟ್ಟ ಡೆಮೊ ಫೋನುಗಳಲ್ಲಿ ಒಂದನ್ನು ಕನ್ನಡದಲ್ಲಿ, ಒಂದನ್ನು ತೆಲುಗಿನಲ್ಲಿ, ಒಂದನ್ನು ತಮಿಳಿನಲ್ಲಿ ತೆರೆದಿಡಿ, ಅಕ್ಷರವನ್ನು ದಪ್ಪ ಮಾಡಿಡಿ. ಅದಕ್ಕೆ ಖರ್ಚೇನೂ ಇಲ್ಲ, ಸೆಟ್ಟಿಂಗ್ಸಿನಲ್ಲಿ ಎರಡು ನಿಮಿಷದ ಕೆಲಸ.