ಹುಟ್ಟು ಎತ್ತಿದ ಮೇಲೆ

ರಂಗನತಿಟ್ಟಿನ ದೋಣಿಗೆ ನಾನು ಮೊದಲ ಸಲ ದೊಡ್ಡ ಲೆನ್ಸ್ ಹೊತ್ತು ಹತ್ತಿದ್ದು 1992ರ ಬೇಸಿಗೆಯಲ್ಲಿ. ಟ್ರೈಪಾಡಿನ ಮೂರು ಕಾಲನ್ನೂ ಬಿಡಿಸಲು ಹೊರಟಾಗ ಅಂಬಿಗರು ತಡೆದರು. "ಅದು ಬ್ಯಾಡ ಸಾ. ದೋಣೀಲಿ ಯಾರು ಕಾಲು ಅಲ್ಲಾಡಿಸಿದ್ರೂ ಅದಕ್ಕೆ ಗೊತ್ತಾಯ್ತದೆ" ಎಂದರು. ಅವರ ಮಾತು ನಿಜವಾಯಿತು. ಆ ದಿನದ ಒಂದು ರೀಲಿನ 36 ಚಿತ್ರಗಳಲ್ಲಿ ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬಂದದ್ದು ಎರಡರಲ್ಲಿ ಮಾತ್ರ. ಅದು ತಿಳಿದದ್ದೂ ರೀಲು ತೊಳೆಸಿದ ಮೇಲೆ, ವಾರ ಕಳೆದು.

ಮುಂದಿನ ಸಲ ಹೊರಟಾಗ ಅಮ್ಮ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ರಾಗಿ ತುಂಬಿ, ಎರಡೂ ಬಾಯಿ ಹೊಲಿದುಕೊಟ್ಟರು. ರಾಗಿಯದು ಸಣ್ಣ ಕಾಳು. ಲೆನ್ಸ್ ಇಟ್ಟೊಡನೆ ಸರಿದು ಜಾಗ ಕೊಡುತ್ತದೆ, ಆಮೇಲೆ ಅದನ್ನೇ ತಬ್ಬಿ ಕೂರುತ್ತದೆ. ಕೈಯ ಸಣ್ಣ ನಡುಕ ಕಾಳು ಕಾಳಿನ ನಡುವೆ ತಿಕ್ಕಾಡಿ ಅಲ್ಲೇ ಅಡಗುತ್ತದೆ.

ಆಗಿನ ಲೆಕ್ಕ ಬಿಗಿಯಾಗಿತ್ತು. 400 ಮಿ.ಮೀ. ಲೆನ್ಸನ್ನು ಬರಿಗೈಲಿ ಹಿಡಿದರೆ ಶಟರ್ ವೇಗ 1/400 ಸೆಕೆಂಡಿಗಿಂತ ಕಡಿಮೆ ಇರಬಾರದು. ಕ್ಯಾಮೆರಾದಲ್ಲಿದ್ದುದು 100 ಐಎಸ್‌ಒ ಫಿಲ್ಮ್. ಬೆಳಗಿನ ಬೆಳಕಿಗೆ 1/125 ದಾಟುತ್ತಿರಲಿಲ್ಲ. ಉಳಿದ ಅಂತರವನ್ನು ರಾಗಿ ಚೀಲ ತುಂಬಬೇಕಿತ್ತು. ಆದರೆ ದೋಣಿಯೇ ತೇಲಿ ಸರಿದರೆ ಚೀಲ ತಾನೇ ಏನು ಮಾಡೀತು? ಅದನ್ನು ಅಂಬಿಗರು ನೋಡಿಕೊಳ್ಳುತ್ತಿದ್ದರು. ಬಂಡೆಯ ಮರೆಯಲ್ಲಿ ಸೆಳವು ಸಣ್ಣದಾಗುವ ಜಾಗ ಅವರಿಗೆ ಗೊತ್ತು. ಅಲ್ಲಿ ಹುಟ್ಟು ಎತ್ತಿ ಹಿಡಿದು, "ನೀರು ನಿಂತ್ಮೇಲೆ ಒತ್ತಿ ಸಾ" ಎನ್ನುವರು. ಜೊತೆಗಿದ್ದವರೆಲ್ಲ ಕುಳಿತಲ್ಲೇ ಕಲ್ಲಾಗುತ್ತಿದ್ದರು. ಹುಟ್ಟಿನ ತುದಿಯಿಂದ ಹನಿ ಬೀಳುವ ಸದ್ದೊಂದೇ.

ಮೇಲುಕೋಟೆಯ ಕುರುಚಲು ಕಾಡಿನಲ್ಲೂ ಇದೇ ಪಾಠ. ಪಾಂಡವಪುರ, ಕೆ.ಆರ್. ಪೇಟೆ ಸೀಮೆಯ ಆ ಕಾಡನ್ನು 1974ರಲ್ಲಿ ಅಭಯಾರಣ್ಯ ಮಾಡಿದ್ದು ತೋಳಗಳಿಗಾಗಿ. ಅಲ್ಲಿ ಅಂಚಿನ ರಸ್ತೆಯಲ್ಲಿ ಜೀಪು ನಿಲ್ಲಿಸಿ, ಗಾಜು ಅರ್ಧ ಇಳಿಸಿ, ಅದರ ಮೇಲೆ ಚೀಲ ಹೇರುತ್ತಿದ್ದೆವು. ಇಂಜಿನ್ ಆಫ್ ಮಾಡಲೇಬೇಕು, ಅದರ ನಡುಕ ನೇರ ಲೆನ್ಸಿಗೆ ಬರುತ್ತದೆ. ಹಿಂದಿನ ಸೀಟಿನವರು ಮಗ್ಗುಲು ಬದಲಿಸಿದರೂ ಗಾಡಿ ತೂಗುತ್ತದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಸುಮ್ಮನೆ ನಿಂತ ಗಾಡಿಯ ಪಕ್ಕಕ್ಕೇ ನವಿಲು ಮೇಯುತ್ತ ಬರುತ್ತಿತ್ತು. ಬಾಗಿಲು ತೆರೆದರೆ ಮಾಯ.

ಆಮೇಲೆ ಕಾಲ ಬದಲಾಯಿತು. 1995ರಲ್ಲಿ ಕ್ಯಾನನ್, 2000ದಲ್ಲಿ ನಿಕಾನ್, ನಡುಕ ತಡೆಯುವ ಜೂಮ್ ಲೆನ್ಸುಗಳನ್ನು ಮಾರುಕಟ್ಟೆಗೆ ತಂದವು. ಹಿಂದೆಯೇ ಡಿಜಿಟಲ್ ಬಂತು. ಈಗ ಐಎಸ್‌ಒ 3200 ಇಟ್ಟು, 1/2000ರ ವೇಗದಲ್ಲಿ, ಬರಿಗೈಲೇ ಹಾರುವ ರೀವ ಹಕ್ಕಿಯನ್ನು ಹಿಡಿಯಬಹುದು. ಇದು ನನಗೆ ಸಂತೋಷದ ವಿಷಯ. ದುಬಾರಿ ಫಿಲ್ಮಿನ ಭಯವಿಲ್ಲದೆ ಹಳ್ಳಿಯ ಹುಡುಗರೂ ಚೆಂದದ ಚಿತ್ರ ತೆಗೆಯುತ್ತಿದ್ದಾರೆ.

ಆದರೆ ಲೆನ್ಸ್ ತಾನೇ ನಿಲ್ಲಲು ಕಲಿತ ಮೇಲೆ, ದೋಣಿಯಲ್ಲಿ ಯಾರೂ ಯಾರಿಗೂ "ಅಲ್ಲಾಡಬೇಡಿ" ಎನ್ನುವುದಿಲ್ಲ. ನಾವು ಚಿತ್ರಕ್ಕಾಗಿ ಕಾಯ್ದ ಆ ನಿಶ್ಚಲತೆ ಗೂಡಿನ ಹಕ್ಕಿಗೂ ಬೇಕಾಗಿತ್ತೆಂದು ನನಗೆ ಹೊಳೆದದ್ದು ಅದು ಇಲ್ಲವಾದ ಮೇಲೆ. ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಕಟ್ಟೆಯಿಂದ ಹುಟ್ಟಿದ ತಿಟ್ಟುಗಳು ರಂಗನತಿಟ್ಟಿನವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟಿ, ಫಲಕಗಳು ಹೊಳೆಯ ನಡುವೆ ಸದ್ದು ಅಡಗಿಸಲಾರವು. ಅದು ದೋಣಿಯಲ್ಲಿ ಕುಳಿತವರ ಕೈಯಲ್ಲಿದೆ.

ನಾನಿನ್ನೂ ಚೀಲ ಒಯ್ಯುತ್ತೇನೆ. ವರ್ಷಕ್ಕೊಮ್ಮೆ ಹೊಸ ರಾಗಿ ತುಂಬುತ್ತೇನೆ. ಕಳೆದ ಬೇಸಿಗೆಯಲ್ಲಿ ಪಕ್ಕದಲ್ಲಿದ್ದ ಪುಟ್ಟ ಹುಡುಗಿ, "ಇದ್ಯಾಕೆ ಮಾಮ?" ಎಂದಳು. "ಅಲ್ಲಾಡದೆ ನೋಡೋಕೆ ಕಣವ್ವ" ಎಂದು ಚೀಲ ಅವಳತ್ತ ಸರಿಸಿದೆ. ಅವಳು ಅದರ ಮೇಲೆ ಗಲ್ಲ ಊರಿದಳು. ಎದುರಿನ ಗೂಡಿನಲ್ಲಿ ಬಣ್ಣದ ಕೊಕ್ಕರೆಯೊಂದು ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಹರಡಿ ಮರಿಗಳಿಗೆ ನೆರಳು ಹಿಡಿದಿತ್ತು. ಅಂಬಿಗರು ಹುಟ್ಟು ಎತ್ತಿದರು. ಚೀಲ ಅವಳ ಬಳಿಯೇ ಇರಲಿ ಎಂದು ನಾನು ಕ್ಯಾಮೆರಾ ಕೆಳಗಿಟ್ಟೆ.