ಹಳೆಯ ಸಾಮಾನಿಗೆ ಹೊಸ ಬಣ್ಣ

ಮನೆಯನ್ನು ಅಂದಗೊಳಿಸುವುದೆಂದರೆ ಹಣವನ್ನು ಸುರಿಯುವುದೆಂದೇ ಬಹುಮಂದಿ ತಿಳಿದಿರುವರು. ಹೊಸ ಕುರ್ಚಿ, ಹೊಸ ಕಪಾಟು, ಹೊಸ ಪರದೆ ಇವುಗಳಿಲ್ಲದೆ ಮನೆಗೆ ಕಳೆಯೇ ಬಾರದೆಂಬ ಭಾವನೆಯು ಇತ್ತೀಚೆಗೆ ಬಲವಾಗಿ ಬೇರೂರಿರುವುದು. ಆದರೆ ಒಂದು ಸಣ್ಣ ಡಬ್ಬಿ ಬಣ್ಣ, ಒಂದು ಕುಂಚ, ಎರಡು ದಿನಗಳ ತಾಳ್ಮೆ ಇಷ್ಟಿದ್ದರೆ, ಅಡಿಗೆಮನೆಯ ಮೂಲೆಯಲ್ಲಿ ಹೊಗೆ ಹಿಡಿದು ಕುಳಿತಿದ್ದ ಸ್ಟೂಲು ನಡುಮನೆಗೆ ಬಂದು ಅತಿಥಿಗಳ ಎದುರಿಗೆ ನಿಲ್ಲುವ ಯೋಗ್ಯತೆಯನ್ನು ಪಡೆಯುವುದು. ಕೆಲವು ವರ್ಷಗಳಿಂದ ಈ ಹವ್ಯಾಸವು ನಮ್ಮನ್ನು ಬಿಡದೆ ಹಿಡಿದಿರುವುದು. ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕಿಯರು ಕೇಳಿದಾಗ, ಕೈಗೆ ಅಂಟಿದ ಬಣ್ಣವನ್ನು ಸೀಮೆಎಣ್ಣೆಯಿಂದ ಒರೆಸಿಕೊಳ್ಳುತ್ತಿದ್ದ ನಮಗೆ ಬೇರೆ ವಿಷಯವು ತೋಚಲಿಲ್ಲ.

ಶಾಲೆಯ ಬೋರ್ಡಿಂಗಿನಲ್ಲಿದ್ದ ಸೋದರಿಯರಿಗೆ ಟ್ರಂಕೆಂಬ ಪದಾರ್ಥದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಶಾಲೆ ತೆರೆಯುವ ಮುಂಚೆ ತಂದೆಯವರು ಪೇಟೆಯ ಬೋರ್ಡು ಬರೆಯುವವನ ಬಳಿಗೆ ಅದನ್ನು ಒಯ್ದು, ಅಕ್ಷರಕ್ಕಿಷ್ಟೆಂದು ಕೊಟ್ಟು, ಮುಚ್ಚಳದ ಮೇಲೆ ಬಿಳಿಯ ಬಣ್ಣದಿಂದ ಮಗಳ ಹೆಸರನ್ನು ಬರೆಯಿಸುತ್ತಿದ್ದರು. ಉದ್ದ ಹೆಸರಿಟ್ಟ ತಂದೆಗಳಿಗೆ ಆ ದಿನ ಸ್ವಲ್ಪ ಪಶ್ಚಾತ್ತಾಪವಾಗುತ್ತಿದ್ದಿರಬೇಕು! ಎಲ್ಲರ ಟ್ರಂಕುಗಳೂ ಹೊಸವಾಗಿರುತ್ತಿರಲಿಲ್ಲ. ಅಕ್ಕನದು ತಂಗಿಗೆ ಬರುವುದು, ನೆಂಟರದು ಬಡವರ ಮಗಳಿಗೆ ಬರುವುದು ವಾಡಿಕೆಯಾಗಿದ್ದಿತು. ನಮ್ಮ ಕೋಣೆಯಲ್ಲಿದ್ದ ಒಬ್ಬ ಹುಡುಗಿಯು ತನ್ನ ಟ್ರಂಕಿನ ಮೇಲೆ ಯಾವಾಗಲೂ ಒಂದು ಮಡಿಸಿದ ಚಾದರವನ್ನು ಹಾಸಿಡುತ್ತಿದ್ದಳು. ಅಂದಕ್ಕಾಗಿ ಹಾಸಿರುವಳೆಂದು ನಾವೆಲ್ಲರೂ ತಿಳಿದಿದ್ದೆವು. ವರ್ಷದ ಕೊನೆಯಲ್ಲಿ ಊರಿಗೆ ಹೊರಡುವಾಗ ಚಾದರವನ್ನು ತೆಗೆಯಲೇ ಬೇಕಾಯಿತು. ಮುಚ್ಚಳದ ಮೇಲೆ ಮತ್ತಾರದೋ ಹೆಸರಿದ್ದಿತು. ಹತ್ತು ತಿಂಗಳು ಅವಳು ಅದನ್ನು ಕಾಪಾಡಿಕೊಂಡು ಬಂದಿದ್ದಳು.

ನಾಲ್ಕು ವರ್ಷಗಳ ಕೆಳಗೆ ಗುಜರಿ ಅಂಗಡಿಯೊಂದರ ಮುಂದೆ ಅಂತಹದೇ ಒಂದು ಟ್ರಂಕು ನಮ್ಮ ಕಣ್ಣಿಗೆ ಬಿದ್ದಿತು. ಅಂಗಡಿಯವನು ಅದನ್ನು ತಗಡಿನ ದರದಲ್ಲಿ ಕಿಲೋ ಲೆಕ್ಕಕ್ಕೆ ತೂಗಿ ಕೊಟ್ಟನು. ಮುಚ್ಚಳದ ಮೇಲೆ ‘ಕು.’ ಎಂಬ ಅಕ್ಷರವೂ ಅದರ ಮುಂದೆ ಇನ್ನೆರಡು ಅಕ್ಷರಗಳೂ ಉಳಿದು, ಮಿಕ್ಕುದನ್ನು ತುಕ್ಕು ತಿಂದುಬಿಟ್ಟಿದ್ದಿತು. ನಾವು ಆ ಟ್ರಂಕಿಗೆ ಗಾಢವಾದ ನೀಲಿಯನ್ನು ಹಚ್ಚಿದೆವು. ಹೆಸರಿದ್ದ ಸ್ಥಳವನ್ನು ಮಾತ್ರ ಅಂಗೈಯಗಲದಷ್ಟು ಚೌಕಾಕಾರವಾಗಿ ಬಿಟ್ಟು, ಅದರ ಮೇಲೆ ತೆಳುವಾಗಿ ವಾರ್ನಿಷನ್ನು ಎಳೆದೆವು. ಮನೆಗೆ ಬಂದವರು, ಇಷ್ಟನ್ನು ಬಿಟ್ಟಿರುವಿರಲ್ಲಾ, ಬಣ್ಣ ಸಾಲದೆ ಹೋಯಿತೇ ಎಂದು ಕೇಳುವುದುಂಟು. ಯಾರೋ ಒಬ್ಬ ತಂದೆಯು ಅಕ್ಷರಕ್ಕಿಷ್ಟೆಂದು ಎಣಿಸಿ ಕೊಟ್ಟು ಬರೆಯಿಸಿದುದನ್ನು ಅಳಿಸಲು ನಮಗೆ ಕೈ ಬರಲಿಲ್ಲ.

ಇನ್ನು ಕೆಲಸದ ಮಾತು. ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣದ ಡಬ್ಬಿಯನ್ನು ತೆರೆಯುವುದಕ್ಕಿಂತ ಮೊದಲೇ ಮುಗಿಯಬೇಕು. ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಅಲುಗಾಡುವ ಕಾಲುಗಳನ್ನು ಬಿಗಿಮಾಡಿ, ಬಿರುಕುಗಳಿಗೆ ಪುಟ್ಟಿಯನ್ನು ತುಂಬಿ, ಉಜ್ಜುಕಾಗದದಿಂದ ನಯಮಾಡಬೇಕು. ಕಬ್ಬಿಣಕ್ಕಾದರೆ ತುಕ್ಕನ್ನು ಕೆರೆದು ಇಟ್ಟಿಗೆಯ ಬಣ್ಣದ ರೆಡ್ ಆಕ್ಸೈಡನ್ನು ಮೊದಲು ಬಳಿಯಬೇಕು. ಮುರಿದ ಕುರ್ಚಿಗೆ ಬಣ್ಣ ಹಚ್ಚಿದರೆ ಅದು ಬಣ್ಣದ ಮುರಿದ ಕುರ್ಚಿಯೇ ಆಗುವುದು. ಕುಳಿತವರ ಗತಿ ಮೊದಲಿನಂತೆಯೇ.

ಎಣ್ಣೆಬಣ್ಣವು ಒಣಗುವ ಬಗೆಯು ಬಟ್ಟೆ ಒಣಗುವಂತಲ್ಲವೆಂಬುದನ್ನು ತಿಳಿದಿದ್ದರೆ ಬಹಳ ಅನುಕೂಲ. ಅದರಲ್ಲಿ ಬೆರೆಸಿದ ಟರ್ಪೆಂಟೈನು ಗಾಳಿಗೆ ಹಾರಿಹೋಗುವುದು ನಿಜ. ಆದರೆ ಅಗಸೆಯೆಣ್ಣೆಯಂತಹ ಎಣ್ಣೆಯು ಹಾರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾಗುವುದು. ಆದುದರಿಂದಲೇ ದಪ್ಪನಾಗಿ ಬಳಿದ ಬಣ್ಣವು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುವುದು. ತೆಳುವಾಗಿ ಎರಡು ಸಲ ಬಳಿಯುವುದು ಒಂದು ಸಲ ದಪ್ಪನಾಗಿ ಬಳಿಯುವುದಕ್ಕಿಂತ ಎಷ್ಟೋ ಮೇಲು. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಅಗಸೆಯೆಣ್ಣೆಯಿಂದ ತೊಯ್ದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ, ಎಣ್ಣೆಯು ಗಟ್ಟಿಯಾಗುವಾಗ ಹುಟ್ಟುವ ಕಾವು ಒಳಗೇ ಕೂಡಿಕೊಂಡು, ಬೆಂಕಿಕಡ್ಡಿಯ ಹಂಗಿಲ್ಲದೆ ತಾವಾಗಿಯೇ ಹೊತ್ತಿಕೊಳ್ಳುವ ಸಂಭವವಿರುವುದು. ಅವುಗಳನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು. ಸತುವಿನ ಲೇಪವುಳ್ಳ ಬಕೀಟುಗಳಿಗೆ ಎಣ್ಣೆಬಣ್ಣವನ್ನು ನೇರವಾಗಿ ಬಳಿಯಲಾಗದು. ಸತುವೂ ಎಣ್ಣೆಯೂ ಸೇರಿ ನಡುವೆ ಸೋಪಿನಂತಹ ಪದರವೊಂದು ಹುಟ್ಟಿ, ಕೆಲವು ತಿಂಗಳಲ್ಲಿಯೇ ಬಣ್ಣವು ಸಿಪ್ಪೆಸಿಪ್ಪೆಯಾಗಿ ಏಳುವುದು. ಅದಕ್ಕೆಂದೇ ಬೇರೆ ಪ್ರೈಮರು ದೊರೆಯುವುದು.

ಕಂಡುದಕ್ಕೆಲ್ಲಾ ಬಣ್ಣ ಬಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಹಿತ್ತಾಳೆಗೆ ಹುಣಸೆಹಣ್ಣು ಸಾಕು. ಬೀಟೆಯ ಮರದ ಕುರ್ಚಿಗೆ ಗುಲಾಬಿ ಬಣ್ಣವನ್ನು ಹಚ್ಚಿದ ಒಂದು ಮನೆಯನ್ನು ನೋಡಿ ಬಂದ ದಿನ ನಮಗೆ ಊಟ ಸೇರಲಿಲ್ಲ. ನಮ್ಮ ನಾಡಿನ ಬಣ್ಣದ ಮರಗೆಲಸಗಳ ವಿಷಯದಲ್ಲಿಯಂತೂ ಹೆಚ್ಚಿನ ಎಚ್ಚರವು ಬೇಕು. ಚನ್ನಪಟ್ಟಣದವರು ಹಾಲೆಯ ಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು; ಬಳಿಕ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂತೆ ಹೊಳೆಯುವುದು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳೂ ಅರಗಿನ ಬಣ್ಣದವೇ. ಅವುಗಳ ಪಟ್ಟಿಗಳ ಮೇಲೆ ಪುರಾಣದ ಚಿತ್ರಗಳನ್ನು ಬರೆದಿರುವರು. ಅಂತಹ ವಸ್ತುವಿನ ಮೇಲೆ ಅಂಗಡಿಯ ಎನಾಮೆಲನ್ನು ಬಳಿಯುವುದು ಹಳೆಯ ಓಲೆಗರಿಯ ಮೇಲೆ ಕಿರಾಣಿಯ ಲೆಕ್ಕವನ್ನು ಬರೆದಂತೆಯೇ ಸರಿ.

ತೊಟ್ಟಿಲಿನ ಮಾತು ಬಂದುದರಿಂದ, ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳಬೇಕಾಗಿರುವುದು. ತಾಯಂದಿರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕೆಂದು ನಮ್ಮ ಪ್ರಾರ್ಥನೆ.

ನಮ್ಮ ಅತ್ತೆಯವರ ಕಾಲದ ಸಾಗುವಾನಿಯ ತೊಟ್ಟಿಲೊಂದು ಅಟ್ಟದ ಮೇಲಿದ್ದಿತು. ಅದು ಕಲಘಟಗಿಯದಲ್ಲ, ಊರ ಬಡಿಗನು ಮಾಡಿಕೊಟ್ಟ ಸಾದಾ ತೊಟ್ಟಿಲು. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಾಗ ನಮ್ಮ ಯಜಮಾನರ ತಂಗಿಯವರು ಅದನ್ನು ತಾವೇ ನಿಂತು ಕೆಳಗಿಳಿಸಿದರು. ಎಲ್ಲರಿಗೂ ಹಿಡಿಸಿದ ಉಪಾಯವೊಂದಿದ್ದಿತು: ವೈನಿಯವರಿಗೆ ಬಣ್ಣದ ಹುಚ್ಚು ಇದ್ದೇ ಇದೆ, ಎರಡು ಕೈ ಬಣ್ಣ ಬಳಿದರೆ ತೊಟ್ಟಿಲು ಹೊಸದಾಗುವುದು. ನಾವೂ ಬಹು ಉತ್ಸಾಹದಿಂದಲೇ ಅಂಗಳಕ್ಕೆ ಹೋದೆವು. ಮೇಲಿನ ಹಸಿರು ಬಣ್ಣವು ಹಲವು ಕಡೆ ಎದ್ದಿದ್ದಿತು. ಅದರ ಕೆಳಗೆ ಹಳದಿ, ಹಳದಿಯ ಕೆಳಗೆ ಕೆಂಪು, ಎಲ್ಲಕ್ಕೂ ಕೆಳಗೆ ಒಂದು ಮಾಸಿದ ಬಿಳುಪು. ಪ್ರತಿಯೊಂದು ಮಗು ಹುಟ್ಟಿದಾಗಲೂ ಒಂದೊಂದು ಬಣ್ಣವನ್ನು ಕಂಡ ತೊಟ್ಟಿಲು ಅದು. ಮೇಲಿನ ಅಡ್ಡಪಟ್ಟಿಯ ಅಂಚಿನಲ್ಲಿ ಸಣ್ಣಸಣ್ಣ ಹಲ್ಲಿನ ಗುರುತುಗಳು ಸಾಲಾಗಿದ್ದವು. ಅವುಗಳನ್ನು ನೋಡಿ ಮಗಳು ನಕ್ಕಳು. ನಮ್ಮ ಕೈ ಅಲ್ಲಿಯೇ ನಿಂತುಹೋಯಿತು.

ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವು ಧಾರಾಳವಾಗಿರುತ್ತಿದ್ದಿತು. ಅಚ್ಚ ಬಿಳುಪಿಗೆ ಸೀಸ, ಹೊಳೆಯುವ ಹಳದಿಗೆ ಸೀಸದ ಕ್ರೋಮೇಟು, ಕೆಂಪಿಗೆ ಸೀಸದಿಂದಲೇ ಆಗುವ ಸಿಂಧೂರ, ಬೇಗನೆ ಒಣಗಲೆಂದು ಬೆರೆಸುವ ದ್ರವ್ಯದಲ್ಲಿಯೂ ಸೀಸ. ಇದರ ಕೇಡು ಹೊಸದಾಗಿ ತಿಳಿದುದೇನೂ ಅಲ್ಲ. 1921 ರಲ್ಲಿಯೇ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸವನ್ನು ಬಳಿಯುವುದನ್ನು, ಕೆಲವು ವಿನಾಯಿತಿಗಳನ್ನಿಟ್ಟು, ತಡೆಯುವ ಒಪ್ಪಂದವನ್ನು ಮಾಡಿ, ಅಂತಹ ಬಣ್ಣದ ಕೈಗಾರಿಕೆಯ ಕೆಲಸಕ್ಕೆ ಹೆಂಗಸರನ್ನೂ ಹದಿನೆಂಟು ವರ್ಷದೊಳಗಿನ ಹುಡುಗರನ್ನೂ ಸೇರಿಸಬಾರದೆಂದು ನಿಯಮಿಸಿತು. ನಮ್ಮ ದೇಶದಲ್ಲಿ ಮನೆಗೆ ಬಳಸುವ ಬಣ್ಣಗಳ ಸೀಸಕ್ಕೆ ಕಾನೂನಿನ ಮಿತಿಯು ಬಂದುದು 2016 ರ ನಿಯಮಗಳಿಂದ; ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಬಾರದೆಂಬ ಆ ಕಟ್ಟಳೆಯು 2017 ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಯಾವ ಬಣ್ಣದ ವಸ್ತುವಿನಲ್ಲಿ ಎಷ್ಟು ಸೀಸವಿದೆಯೆಂಬುದನ್ನು ಕಣ್ಣಿನಿಂದ ಹೇಳಲಾಗದು.

ನಾವು ಇದನ್ನು ಹೇಳಿದಾಗ ತಂಗಿಯವರ ಮುಖವು ಬಾಡಿತು.

“ವೈನಿ, ಈ ತೊಟ್ಟಲದಾಗ ನಾವು ಐದೂ ಮಂದಿ ಬೆಳದೇವಿ. ನಮಗೇನಾಗೇದ ಹೇಳ್ರಿ?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಸೀಸವು ಮೈಮೇಲೆ ಗುಳ್ಳೆಗಳನ್ನು ಎಬ್ಬಿಸುವುದಿಲ್ಲ, ಜ್ವರವನ್ನೂ ತರುವುದಿಲ್ಲ. ಎಳೆಯ ಮಕ್ಕಳ ಮಿದುಳಿಗೆ ಅದು ಮೆಲ್ಲಗೆ ಕೇಡು ಮಾಡುವುದು. ಇಷ್ಟಾದರೆ ಅಪಾಯವಿಲ್ಲವೆನ್ನುವ ಪ್ರಮಾಣವು ಯಾವುದೂ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಪಾಠವನ್ನು ಹಿಡಿಯಲು ಸ್ವಲ್ಪ ಕಷ್ಟಪಡುವ ಮಗುವು ಸೀಸದಿಂದ ಹಾಗಾಯಿತೋ ಹುಟ್ಟುಗುಣದಿಂದ ಹಾಗಾಯಿತೋ ಯಾರು ಹೇಳಬಲ್ಲರು? ಎದುರಿಗೆ ನಿಂತಿರುವ, ಆರೋಗ್ಯವಾಗಿ ಬಾಳಿದ ನಾದಿನಿಗೆ ಇಂತಹ ಮಾತನ್ನು ಹೇಗೆ ಹೇಳುವುದು? “ನಿಮಗ ಏನೂ ಆಗಿಲ್ಲವ್ವಾ. ಆದರ ಈ ಕೂಸಿಗೆ ಏನೂ ಆಗೋದಿಲ್ಲಂತ ನಾ ಹೆಂಗ ಮಾತ ಕೊಡ್ಲಿ?” ಎಂದಷ್ಟೇ ಅಂದೆವು.

ಹೊಸ ಬಣ್ಣವನ್ನು ಮೇಲೆ ಬಳಿದರೆ ಸಾಲದೇ ಎಂದು ಕೇಳಬಹುದು. ಗೋಡೆಗೋ ಎತ್ತರದ ಕಪಾಟಿಗೋ ಅದು ಸಾಕಾಗಬಹುದು. ಮಗುವಿನ ಹಲ್ಲಿಗೆ ಎಟುಕುವ ಪಟ್ಟಿಗೆ, ತಿಕ್ಕಾಟದಿಂದ ಸದಾ ಸವೆಯುವ ಕೀಲಿಗೆ ಅದು ಭದ್ರವಲ್ಲ. ಕೆರೆದು ತೆಗೆಯೋಣವೆಂದರೆ ಒಣದಾಗಿ ಉಜ್ಜಿದಾಗ ಏಳುವ ಧೂಳೂ, ಬೆಂಕಿಯಿಂದ ಕಾಯಿಸಿದಾಗ ಏಳುವ ಹೊಗೆಯೂ ಮೊದಲಿನದಕ್ಕಿಂತ ಹೆಚ್ಚಿನ ಕೇಡು. ಬಸುರಿಯು ಇರುವ ಮನೆಯಲ್ಲಿ ಆ ಯೋಚನೆಯೇ ಕೂಡದು. ಪರೀಕ್ಷೆ ಮಾಡಿಸುವ ದಾರಿಯಿದ್ದರೂ ನಾವು ಅದಕ್ಕೆ ಕಾಯಲಿಲ್ಲ. ಮಗುವಿಗೆ ಮೆತ್ತನೆಯ ಹಳೆಯ ಸೀರೆಯಿಂದ ಜೋಲಿಯನ್ನು ಕಟ್ಟಿದೆವು. ನಾದಿನಿಯವರು ನಾಲ್ಕು ದಿನ ನಮ್ಮೊಡನೆ ಮಾತಿಗೆ ಮಾತು ಮಾತ್ರ ಆಡಿದರು. ಐದನೆಯ ದಿನ ಜೋಲಿಯನ್ನು ತೂಗುತ್ತಾ ಕುಳಿತವರು ಅವರೇ.

ತೊಟ್ಟಿಲನ್ನು ಸೌದೆಗೆ ಹಾಕಲು ಯಾರ ಮನಸ್ಸೂ ಒಪ್ಪಲಿಲ್ಲ. ಸೀಸದ ಬಣ್ಣದ ಮರವನ್ನು ಒಲೆಗೆ ಹಾಕಲೂಬಾರದು. ಬಾಣಂತಿಯೂ ಮಗುವೂ ಗಂಡನ ಮನೆಗೆ ಹೋದ ಮೇಲೆ, ಎದ್ದ ಚೂರುಗಳನ್ನು ನೀರು ಚಿಮುಕಿಸಿ ಒದ್ದೆಯಾಗಿಯೇ ತೆಗೆದು, ಕಾಗದದಲ್ಲಿ ಕಟ್ಟಿ ಬೇರೆಯಾಗಿರಿಸಿ, ಮೂಗಿಗೆ ಮುಖವಸ್ತ್ರವನ್ನು ಬಿಗಿದು, ಉಳಿದುದರ ಮೇಲೆ ಹೊಸ ಪ್ರೈಮರನ್ನೂ ಬಣ್ಣವನ್ನೂ ಬಳಿದೆವು. ಯಾವ ಬಣ್ಣವೆಂಬುದನ್ನು ನಾದಿನಿಯವರಿಗೇ ಬಿಟ್ಟೆವು. ಅವರು ಹಳದಿಯನ್ನು ಆರಿಸಿದರು. ಅದು ಅವರು ಹುಟ್ಟಿದಾಗಿನ ಬಣ್ಣವೆಂದು ಅವರ ತಾಯಿಯವರು ಹೇಳುತ್ತಿದ್ದರಂತೆ. ಈಗ ತೊಟ್ಟಿಲು ಮಾಳಿಗೆಯ ಕೋಣೆಯಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಮೇಲೆ ತೂಗುತ್ತಿರುವುದು. ಮನೆಯ ಕೌದಿಗಳೆಲ್ಲವೂ ಅದರಲ್ಲಿರುವುವು.

ಮೊಮ್ಮಗಳಿಗೆ ಈಗ ಮೂರು ವರ್ಷ. ಕಳೆದ ವಾರ ಬಂದವಳು ನೀಲಿ ಟ್ರಂಕಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ಇದು ಯಾರ ಹೆಸರೆಂದು ಕೇಳಿದಳು. ಗೊತ್ತಿಲ್ಲವೆಂದೆವು. ಹಾಗಾದರೆ ತನ್ನ ಹೆಸರನ್ನೂ ಪಕ್ಕದಲ್ಲಿ ಬರೆಯಬೇಕೆಂದು ಹಟ ಹಿಡಿದಿರುವಳು. ಬಿಳಿಯ ಬಣ್ಣದ ಸಣ್ಣ ಡಬ್ಬಿಯೊಂದನ್ನು, ಸೀಸವಿಲ್ಲವೆಂಬ ಬರಹವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ತಂದಿಟ್ಟಿರುವೆವು. ಅವಳ ಹೆಸರಿಗೆ ಐದು ಅಕ್ಷರಗಳು. ಉಳಿದಿರುವ ಸ್ಥಳದಲ್ಲಿ ನಾಲ್ಕು ಹಿಡಿಸಬಹುದು. ಮಳೆಯೂ ಇನ್ನೂ ನಿಂತಿಲ್ಲ.